ಸುಮ್ಮನೆ ಕೂರದ ಯಂತ್ರಗಳು

ಅವತ್ತು ನಳದಲ್ಲಿ ನೀರು ಬರುವ ದಿನ. ಬಾಗಲಕೋಟೆ ವಿದ್ಯಾಗಿರಿಯ ನಮ್ಮ ಓಣಿಯಲ್ಲಿ ಆ ದಿನ ಯಾರೂ ಹಲ್ಲುಜ್ಜಿ ಹೊರಗೆ ಬರುವುದಿಲ್ಲ. ಮೊದಲು ಡ್ರಮ್ಮಿನ ಮುಚ್ಚಳ ತೆಗೆಯುತ್ತಾರೆ, ಹಲ್ಲು ಆಮೇಲೆ. ನಾನೂ ಹಿತ್ತಲ ಡ್ರಮ್ಮು ತುಂಬಿಸಿದೆ, ಹಂಡೆ ತುಂಬಿಸಿದೆ, ಕೊಡಗಳನ್ನು ತುಂಬಿಸಿದೆ. ನಳದಲ್ಲಿ ನೀರು ಇನ್ನೂ ಬರುತ್ತಲೇ ಇತ್ತು. ಬರುವ ನೀರನ್ನು ಬಿಡಲು ಮನಸ್ಸಾಗದೆ ಪಾತೇಲಿ, ಬೋಗುಣಿ, ಕೊನೆಗೆ ಹಾಲು ಕಾಸುವ ಪಾತ್ರೆಯನ್ನೂ ತುಂಬಿಸಿಟ್ಟೆ. ನೀರು ನಿಂತಾಗ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಚಹಾ ಕುದಿಸಲು ಒಂದೂ ಖಾಲಿ ಪಾತ್ರೆ ಉಳಿದಿರಲಿಲ್ಲ. ಇದು ಪ್ರತಿ ಸಲವೂ ಆಗುತ್ತದೆ. ಪ್ರತಿ ಸಲವೂ ನಾನು ಅಷ್ಟು ಆಸೆಯಿಂದ ಹಿಡಿದ ನೀರಿನಲ್ಲಿ ಒಂದು ಪಾತ್ರೆಯನ್ನು ತುಳಸಿಗೆ ಸುರಿದು ಚಹಾಕ್ಕೆ ಇಡುತ್ತೇನೆ. ಮುಂದಿನ ಸಲ ಹೀಗೆ ಮಾಡಬಾರದೆಂದು ಅಂದುಕೊಳ್ಳುವುದೂ ಆ ಬೆಳಗಿನ ಕೆಲಸಗಳಲ್ಲಿ ಒಂದು.

ಚಹಾ ಆದ ಮೇಲೆ ರೊಟ್ಟಿ ಬಡಿದೆ, ಮಡಕಿಕಾಳಿನ ಪಲ್ಯ ಮಾಡಿದೆ, ಆಮೇಲೆ ನಮ್ಮ ಯಜಮಾನರ ಕಣ್ಣಿಗೆ ಔಷಧದ ಹನಿ ಹಾಕಿದೆ. ಹುನಗುಂದದಲ್ಲಿ ಒಂದು ಮದುವೆ ಊಟ ಮಾಡಿ ಬಂದವರು ಅಲ್ಲಿಂದ ತಾಂಬೂಲದ ಜೊತೆಗೆ ಕಣ್ಣುಬೇನೆಯನ್ನೂ ತಂದಿದ್ದರು. ಎರಡೂ ಕಣ್ಣು ಕೆಂಡದ ಹಾಗೆ ಕೆಂಪಾಗಿ, ರೆಪ್ಪೆ ಅಂಟಿಕೊಂಡು, ಸ್ವಲ್ಪ ತೆರೆದರೆ ನೀರು ಸುರಿಯುತ್ತಿತ್ತು. ಕಂಪ್ಯೂಟರಿನ ಮುಂದೆ ಕೂರಲೇಬಾರದೆಂದು ಡಾಕ್ಟರು ಹೇಳಿದ್ದರು. ಮನೆಯೊಳಗೂ ಕಪ್ಪು ಕನ್ನಡಕ ಹಾಕಿಕೊಂಡು, ಕೈಯಿಂದ ಗೋಡೆ ಸವರುತ್ತಾ ಓಡಾಡುತ್ತಿದ್ದರು. ಪಕ್ಕದ ಮನೆಯ ಇಳಕಲ್ಲಿನ ಅಕ್ಕ, ದಿನಕ್ಕೆ ಎರಡು ಸಲವಾದರೂ ನಮ್ಮ ಕಟ್ಟೆಯ ಮೇಲೆ ಬಂದು ಕೂರುವವರು, ಕಣ್ಣುಬೇನೆ ತಗಲೀತೆಂದು ಕಾಂಪೌಂಡು ಗೋಡೆಯ ಆಚೆಯಿಂದಲೇ ಮಾತಾಡುತ್ತಿದ್ದರು.

ಅಂಥ ದಿನವೇ ಮುಂಬೈಯಿಂದ ಫೋನು ಬಂತು.

ನಮ್ಮವರ ಕೆಲಸ ಏನೆಂದು ಓಣಿಯಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ನನಗೆ ತಿಳಿದಿತ್ತೆಂದು ನಾನು ತಿಳಿದಿದ್ದೆ. ಮುಂಬೈಯ ಒಂದು ಔಷಧ ಕಂಪನಿಯಲ್ಲಿ ಮೇನ್‌ಫ್ರೇಮ್ ಎಂಬ ಕಪಾಟಿನಷ್ಟು ದೊಡ್ಡ ಕಂಪ್ಯೂಟರು ಇದೆ. ಅದರ ಹೊಟ್ಟೆಯೊಳಗೆ ಲಿನಕ್ಸ್ ಎಂಬ ತಂತ್ರಾಂಶ ಓಡಿಸುವ ಹತ್ತಾರು ಸಣ್ಣ ಯಂತ್ರಗಳಿವೆ. ಅವು ನಿಜವಾಗಿ ಇಲ್ಲ, ಇದ್ದ ಹಾಗೆ ನಡೆದುಕೊಳ್ಳುತ್ತವೆ. ಪ್ರತಿಯೊಂದೂ ಈ ಇಡೀ ಕಂಪ್ಯೂಟರು ತನ್ನೊಬ್ಬನದೇ ಎಂದು ತಿಳಿದಿರುತ್ತದೆ. ಒಂದು ದೊಡ್ಡ ವಾಡೆಯಲ್ಲಿ ಹತ್ತಾರು ಬಿಡಾರ, ಒಲೆ ಮಾತ್ರ ಒಂದೇ, ಆದರೆ ಯಾರೂ ಯಾರನ್ನೂ ಕಾಣದ ಹಾಗೆ ನಡುವೆ ಗೋಡೆ ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ಅವರ ಕಸುಬಿನಲ್ಲಿ ಈ ಬಿಡಾರದವರನ್ನು ಗೆಸ್ಟ್ ಎನ್ನುತ್ತಾರಂತೆ. ಇದನ್ನು ಕೇಳಿದಾಗ ನಾನು, ಹಾಗಾದರೆ ಅವುಗಳ ಚಹಾ ತಿಂಡಿ ನೋಡಿಕೊಳ್ಳುವವರು ನೀವೇ ಅನ್ನಿ ಎಂದು ನಕ್ಕಿದ್ದೆ. ಅವರು ನಗಲಿಲ್ಲ, ಹೌದು ಎಂದಿದ್ದರು.

ಈ ಸಣ್ಣ ಯಂತ್ರಗಳನ್ನು ದೊಡ್ಡದರೊಳಗೆ ಇಡೋಣ ಎಂದು ಕಂಪನಿಯವರ ಬೆನ್ನು ಹತ್ತಿ ಒಪ್ಪಿಸಿದವರು ನಮ್ಮವರೇ. ಅದರಿಂದ ನಮಗೊಂದು ದೊಡ್ಡ ಲಾಭವಾಗಿತ್ತು. ಬೇರೆ ಬೇರೆ ಕಂಪ್ಯೂಟರ್ ಪೆಟ್ಟಿಗೆಗಳಾಗಿದ್ದರೆ ಅವುಗಳ ಪಕ್ಕ ನಿಂತು ನೋಡಿಕೊಳ್ಳುವ ಒಬ್ಬ ಮನುಷ್ಯ ಬೇಕು. ಇವನ್ನು ಎಲ್ಲಿಂದ ಬೇಕಾದರೂ ನೋಡಬಹುದು. ವಿದ್ಯಾಗಿರಿಗೆ ಬ್ರಾಡ್‌ಬ್ಯಾಂಡು ಬಂದದ್ದೇ, ಮದುವೆಯಾದ ಮೇಲೆ ಎರಡು ತಿಂಗಳಿಗೊಮ್ಮೆ ರಾತ್ರಿ ಬಸ್ಸಿನಲ್ಲಿ ಬಂದು ಎರಡು ದಿನ ನಿದ್ದೆ ಮಾಡಿ ಹೋಗುತ್ತಿದ್ದ ಮನುಷ್ಯ ಬಾಗಲಕೋಟೆಗೆ ಬಂದು ಹೊರಗಿನ ಖೋಲಿಯಲ್ಲಿ ಕಂಪ್ಯೂಟರು ಇಟ್ಟುಕೊಂಡು ಕೂತರು. ಸ್ಕೂಟರು ನಿಲ್ಲಿಸಲೆಂದು ಕಟ್ಟಿಸಿದ ಖೋಲಿ ಅದು. ಒಳಗಿನಿಂದ ಬಾಗಿಲಿಲ್ಲ, ಕಟ್ಟೆಗೆ ಹೋಗಿ ಅಲ್ಲಿಂದ ಒಳಗೆ ಹೋಗಬೇಕು. ನಾನು ಮಾನಿಟರಿನ ಮೇಲೆ ಗುಳೇದಗುಡ್ಡದ ಖಣದ ಬಟ್ಟೆಯ ಒಂದು ತುಂಡು ಹೊದಿಸಿ, ಗೃಹಪ್ರವೇಶ ಆಯಿತೆಂದುಕೊಂಡಿದ್ದೆ.

ಫೋನಿನಲ್ಲಿ ಬಂದ ಸುದ್ದಿ ಇಷ್ಟು. ಡಿಪೋಗಳಿಂದ ಔಷಧದ ಆರ್ಡರು ತೆಗೆದುಕೊಳ್ಳುವ ಲಿನಕ್ಸ್ ಯಂತ್ರ ಕೆಲವು ದಿನಗಳಿಂದ ನಿಧಾನವಾಗಿದೆ, ಇವತ್ತಂತೂ ತೆವಳುತ್ತಿದೆ. ದೊಡ್ಡ ಸಾಹೇಬರಿಗೆ ಸಾಕಾಗಿದೆ. ಸಂಜೆ ಆರಕ್ಕೆ ಫೋನಿನಲ್ಲೇ ಮೀಟಿಂಗು. ಅಷ್ಟರೊಳಗೆ ಕಾರಣ ತಿಳಿಯದಿದ್ದರೆ ಲಿನಕ್ಸನ್ನೆಲ್ಲ ಮೇನ್‌ಫ್ರೇಮಿನಿಂದ ತೆಗೆದು ಬೇರೆ ಪೆಟ್ಟಿಗೆಗಳಿಗೆ ಹಾಕುತ್ತಾರೆ, ನಮ್ಮವರು ಬಂದು ಆ ಪೆಟ್ಟಿಗೆಗಳ ಪಕ್ಕ ನಿಲ್ಲಬೇಕು. ಫೋನು ಇಟ್ಟ ಮೇಲೆ ಅವರು ಕಪ್ಪು ಕನ್ನಡಕದ ಮುಖವನ್ನು ನಾನಿದ್ದೇನೆಂದು ಅಂದಾಜು ಮಾಡಿದ ಕಡೆಗೆ ತಿರುಗಿಸಿದರು. ನಾನು ಇನ್ನೊಂದು ಕಡೆ ಇದ್ದೆ.

"ನಿನಗ ಇಂಗ್ಲಿಷ್ ಓದಾಕ ಬರ್ತೈತೆಲ್ಲಾ," ಎಂದರು.

ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಹತ್ತು ವರ್ಷ ಕಲಿತವಳಿಗೆ ಇದೆಂಥ ಪ್ರಶ್ನೆ. ಸೆರಗಿನಿಂದ ಕೈ ಒರೆಸಿಕೊಂಡು ಹೊರಗಿನ ಖೋಲಿಯ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತೆ. ಆ ಕಾನ್ವೆಂಟು ನನಗೆ ಕೊಟ್ಟದ್ದು ಮೂರು: ನೆಟ್ಟಗೆ ಕೂರುವುದು, ಎಲ್ಲರಿಗೂ ಥ್ಯಾಂಕ್ಯೂ ಹೇಳುವುದು, ಮತ್ತು ಒಂದು ಪುಟದ ಬರಹವನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಿ ಸಾರಾಂಶ ಬರೆಯುವುದು. ಕೊನೆಯದರಲ್ಲಿ ನನಗೆ ಬಹುಮಾನವೂ ಬಂದಿತ್ತು. ಅದೊಂದೇ ನನಗೆ ಬಂದ ಬಹುಮಾನವಾದ್ದರಿಂದ ಮದುವೆಯಾಗಿ ಬಂದಾಗ ಈ ಮನೆಯಲ್ಲಿ ಎಲ್ಲರಿಗೂ ಅದರ ವಿಷಯ ಹೇಳಿದ್ದೆ. ಕೇಳದವರಿಗೂ ಹೇಳಿದ್ದೆ.

ಮುಂಬೈಯಲ್ಲಿ ಯಂತ್ರದ ಬಳಿ ಕೂರುವ ಸಹೋದ್ಯೋಗಿಯೊಬ್ಬರು ಫೋನಿನ ಸ್ಪೀಕರಿನಲ್ಲಿದ್ದರು. ನಮ್ಮವರು ಒಂದೊಂದೇ ಅಕ್ಷರ ಹೇಳಿದರು, ನಾನು ಒತ್ತಿದೆ, ಕಪ್ಪು ಪರದೆಯ ಮೇಲೆ ಸಾಲು ಸಾಲು ಅಂಕಿಗಳು ಬಂದವು. ಪ್ರಾರ್ಥನಾ ಸಭೆಯಲ್ಲಿ ಪಾಠ ಓದುವ ದನಿಯಲ್ಲಿ, ಅಲ್ಪವಿರಾಮಕ್ಕೆ ಚೂರು ನಿಂತು, ಪೂರ್ಣವಿರಾಮಕ್ಕೆ ಪೂರಾ ನಿಂತು ಓದಿದೆ. ಆ ಕಡೆಯವರು ಸ್ವಲ್ಪ ಹೊತ್ತು ಕೇಳಿ, ಇದು ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟೇ ಎಂದು ಹಿಂದಿಯಲ್ಲಿ ಕೇಳಿದರು. ಮೆಚ್ಚುಗೆ ಎಂದು ತಿಳಿದು ಥ್ಯಾಂಕ್ಯೂ ಎಂದೆ.

ಮೊದಲು ಆ ನಿಧಾನದ ಯಂತ್ರದ ಒಳಗೇ ನೋಡಿದೆವು. ಅಲ್ಲಿ ಎಲ್ಲವೂ ಸರಿಯಾಗಿತ್ತು. ಕೆಲಸ ಮೈಮೇಲೆ ಬಿದ್ದಿರಲಿಲ್ಲ, ಮೆಮೊರಿ ಸಾಕಷ್ಟಿತ್ತು, ಡಿಸ್ಕು ಬಿಡುವಾಗಿತ್ತು. ಆದರೂ ಒಂದು ಆರ್ಡರು ಹಾಕಿದರೆ ಉತ್ತರ ಬರುವಷ್ಟರಲ್ಲಿ ನಾನು ಒಲೆ ಸಣ್ಣ ಮಾಡಿ ಬರಬಹುದಿತ್ತು. ನಮ್ಮವರ ಹುಬ್ಬು ಕನ್ನಡಕದ ಮೇಲೆ ಎದ್ದು ನಿಂತಿತು. ಇಂಥ ಯಂತ್ರಗಳ ಕಷ್ಟವೇ ಇದಂತೆ: ಕಾಯಿಲೆಯವನನ್ನು ಕೇಳಿದರೆ ನಾನು ಆರಾಮ ಇದ್ದೇನೆ ಅನ್ನುತ್ತಾನೆ. ತನ್ನ ಗೋಡೆಯಾಚೆ ಬೇರೆಯವರಿದ್ದಾರೆಂದೇ ಅವನಿಗೆ ತಿಳಿಯದು, ಅವರಿಂದ ತನಗೇನಾಗಿದೆ ಎಂದು ಹೇಗೆ ಹೇಳಿಯಾನು. ಮುಂಬೈಯವರು, ಆ ಯಂತ್ರಕ್ಕೆ ಇನ್ನಷ್ಟು ಮೆಮೊರಿ ಕೊಡೋಣ ಎಂದರು. ಕೂಡದು, ಇದ್ದದ್ದೇ ಅವನ ಕೈಗೆ ಸಿಗುತ್ತಿಲ್ಲ ಎಂದರು ನಮ್ಮವರು.

ಆಮೇಲೆ ನನಗೆ ಕೆಲಸವಿರಲಿಲ್ಲ. ಅವರು ಮುಂಬೈಯವರ ಜೊತೆ ಮಾತಾಡುತ್ತಿದ್ದರು, ನಡುನಡುವೆ ಸುಮ್ಮನಾಗಿ ಯೋಚಿಸುತ್ತಿದ್ದರು. ಬೇಕಾದಾಗ ಕರೆಯುತ್ತೇನೆ, ಅಲ್ಲಿಯತನಕ ಒಳಗೆ ಹೋಗು ಎಂದರು. ಹೋದೆ. ಹೋಗಿ ಮಾಡಬೇಕಾದ್ದು ಬೇಕಾದಷ್ಟಿತ್ತು, ತುಂಬಿಟ್ಟ ಅಷ್ಟೂ ಪಾತ್ರೆಗಳನ್ನು ಖಾಲಿ ಮಾಡುವುದೇ ಒಂದು ಕೆಲಸ. ಆದರೆ ಕೈ ಓಡಲಿಲ್ಲ. ಆರು ಗಂಟೆ, ಪೆಟ್ಟಿಗೆಗಳು, ರಾತ್ರಿ ಬಸ್ಸು ಇವೇ ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದವು. ಅವರು ಹೊರಗಿನ ಖೋಲಿಯಲ್ಲಿ ಇರುವುದು ನನಗೆ ರೂಢಿಯಾಗಿಬಿಟ್ಟಿತ್ತು. ಮಾತೇನೂ ಆಡುತ್ತಿರಲಿಲ್ಲ, ಆದರೆ ಕೆಮ್ಮಿದರೆ ಅಡುಗೆಮನೆಗೆ ಕೇಳುತ್ತಿತ್ತು. ಮದುವೆಯಾಗಿ ಅಷ್ಟು ವರ್ಷ ನಾನು ಗಂಡ ಕೆಮ್ಮುವುದನ್ನು ಹೆಚ್ಚಾಗಿ ಫೋನಿನಲ್ಲೇ ಕೇಳಿದವಳು.

ಅದಕ್ಕೇ ಒಂದಿಷ್ಟು ಹೊತ್ತು ಬಿಟ್ಟು ಕಟ್ಟೆಗೆ ಹೋಗಿ ಖೋಲಿಯ ಬಾಗಿಲು ತೆರೆದು, ಏನಾದರೂ ಓದಬೇಕೇ ಎಂದು ಕೇಳಿದೆ. ಬೇಡ ಎಂದರು. ಬಾಗಿಲು ಹಾಕಿ ಬಂದೆ. ಪಾತ್ರೆ ತೊಳೆಯುವಾಗ ಚಹಾದ ನೆನಪಾಯಿತು, ಹೋಗಿ ಚಹಾ ಬೇಕೇ ಎಂದೆ. ಬೇಡ ಎಂದರು. ಚಹಾ ಬೇಡವೆಂದವರಿಗೆ ಮಜ್ಜಿಗೆ ಬೇಕಾದೀತೆಂದು ಮತ್ತೆ ಹೋದೆ. ನಮ್ಮ ಕಡೆ ಒಂದೇ ಸಲ ಕೇಳಿ ಬಿಟ್ಟರೆ ಕೇಳಿದ ಹಾಗೇ ಅಲ್ಲ. ಹನಿ ಹಾಕುವ ಹೊತ್ತಾಯಿತೇ ಎಂದು ನೋಡಲು ಹೋದೆ, ಆಗಿರಲಿಲ್ಲ. ಫ್ಯಾನು ಹೆಚ್ಚಾಯಿತೇ, ಕಿಟಕಿಯ ಬಿಸಿಲು ಕಣ್ಣಿಗೆ ಬೀಳುತ್ತಿದೆಯೇ, ಫೋನಿನಲ್ಲಿ ಏನಂದರು. ಅವರು ಒಂದು ಸಲವೂ ಸಿಡುಕಲಿಲ್ಲ. ನಾನು ಬಾಗಿಲಲ್ಲಿ ತಲೆ ಹಾಕಿದೊಡನೆ ಮಾತು ನಿಲ್ಲಿಸುತ್ತಿದ್ದರು, ನನಗೆ ಉತ್ತರ ಕೊಡುತ್ತಿದ್ದರು, ಆಮೇಲೆ ಮುಂಬೈಯವರನ್ನು, ನಾನು ಎಲ್ಲಿದ್ದೆ ಎಂದು ಕೇಳುತ್ತಿದ್ದರು. ಪಾಪ, ಕಣ್ಣುಬೇನೆಯಿಂದ ಇವರಿಗೆ ಮರೆವೂ ಬಂತಲ್ಲ ಎಂದು ನಾನು ಮರುಗಿದೆ.

ಊಟ ಆದ ಮೇಲೆ ನನ್ನನ್ನು ಮತ್ತೆ ಕುರ್ಚಿಗೆ ಕೂರಿಸಿದರು. ಈ ಸಲ ಸಣ್ಣ ಯಂತ್ರದ ಒಳಗಲ್ಲ, ದೊಡ್ಡ ಯಂತ್ರದ ಕಡೆಯಿಂದ ನೋಡುವುದು: ಹಸಿರು ಅಕ್ಷರದ ಪಟ್ಟಿ, ಎಲ್ಲ ಬಿಡಾರದವರ ಹೆಸರು, ಯಾರು ಎಷ್ಟು ಕೆಲಸ ಮಾಡುತ್ತಿದ್ದಾರೆ, ಯಾರ ಕೈಯಲ್ಲಿ ಎಷ್ಟು ಮೆಮೊರಿ ಇದೆ. ಯಾರ್ಯಾರು ಕೆಲಸ ಮಾಡುತ್ತಿದ್ದಾರೆ ಓದು ಎಂದರು. ಪಟ್ಟಿ ಉದ್ದವಿತ್ತು. ನಾನು ಒಮ್ಮೆ ಕಣ್ಣಾಡಿಸಿ, ಮುಖ್ಯವಾದ ನಾಲ್ಕಾರು ಹೆಸರನ್ನು ಆರಿಸಿ, ಸ್ಪಷ್ಟವಾಗಿ ಓದಿ ಮುಗಿಸಿದೆ. ಅವರು ಕೈಬೆರಳಿನಲ್ಲಿ ಏನೋ ಕೂಡಿಸಿದರು. ಮತ್ತೊಮ್ಮೆ ಓದಲು ಹೇಳಿದರು. ಮೊದಲಿಗಿಂತ ಚೆನ್ನಾಗಿ ಓದಿದೆ. ಇಷ್ಟೇ ಜನ ಇಷ್ಟೇ ಮೆಮೊರಿ ಹಿಡಿದಿದ್ದರೆ ಉಳಿದ ಮೆಮೊರಿ ಎಲ್ಲಿ ಹೋಯಿತೆಂದು ಅವರಿಗೂ ಹೊಳೆಯಲಿಲ್ಲ, ಮುಂಬೈಯವರಿಗೂ ಹೊಳೆಯಲಿಲ್ಲ. ಆ ಹೊತ್ತು ಹಾಗೇ ಕಳೆಯಿತು. ನಾನು ಎದ್ದು ಹೋಗಿ, ಮತ್ತೆ ಬಂದು, ಚಹಾ ಕೇಳಿ, ಈ ಸಲ ಬೇಡವೆಂದರೂ ತಂದಿಟ್ಟೆ. ಅದು ಅಲ್ಲೇ ಆರಿತು.

ಬಿಸಿಲು ಕಟ್ಟೆಯಿಂದ ಇಳಿದ ಹೊತ್ತಿಗೆ ಅವರು ಕುರ್ಚಿಗೆ ಒರಗಿ ಮೆತ್ತಗೆ ಕೇಳಿದರು.

"ನೀ ಎಲ್ಲಾ ಹೆಸರು ಓದೀದಿ ಹೌದಲ್ಲ?"

"ಮುಖ್ಯದ್ದೆಲ್ಲಾ ಓದೀನ್ರಿ."

"ಮುಖ್ಯದ್ದು ಯಾವುದು ಅಂತ ನಿನಗ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಸಣ್ಣಪುಟ್ಟದ್ದನ್ನು ಬಿಟ್ಟು ಸಾರ ಹಿಡಿ ಎಂದು ಸಿಸ್ಟರು ಹೇಳಿದ್ದನ್ನು ನಾನು ಈ ಮೇನ್‌ಫ್ರೇಮಿಗೂ ಅನ್ವಯಿಸಿದ್ದೆ. ಪಟ್ಟಿಯ ಕೆಳಗೆ ಒಂದಷ್ಟು ಹೆಸರುಗಳಿದ್ದವು. ಕೆಲಸದ ಲೆಕ್ಕದಲ್ಲಿ ಅವುಗಳ ಮುಂದೆ ಒಂದಕ್ಕಿಂತ ಕಡಿಮೆ ಅಂಕಿ. ಇಂಥ ಚಿಲ್ಲರೆಯನ್ನು ಓದಿ ಕಣ್ಣುಬೇನೆಯ ಮನುಷ್ಯನಿಗೆ ಯಾಕೆ ತೊಂದರೆ ಎಂದು ಬಿಟ್ಟಿದ್ದೆ. ಇದನ್ನು ಹೇಳಿದೆ. ಎಲ್ಲಾ ಓದು ಎಂದರು ನಮ್ಮವರು. ಸೊನ್ನೆ ಇದ್ದರೂ ಓದು ಎಂದರು. ಓದಿದೆ. ಸೊನ್ನೆ ಎಂದು ಓದಲು ಬಾಯಿ ತೆರೆದಾಗಲೆಲ್ಲ ಅಲ್ಲಿ ಸೊನ್ನೆ ಇರಲಿಲ್ಲ. ಅಷ್ಟೂ ಯಂತ್ರಗಳ ಮುಂದೆ ಚೂರು ಚೂರು ಅಂಕಿ, ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಅಂಕಿ, ಮೆಮೊರಿ ಮಾತ್ರ ಕೈತುಂಬ.

"ಸೊನ್ನಿ ಯಾವುದಕ್ಕೂ ಇಲ್ಲ?" ಎಂದು ಕುರ್ಚಿಯಿಂದ ಎದ್ದೇ ಬಿಟ್ಟರು. "ನೀ ಖರೆ ನೋಡಿದೇನು?"

ಖರೆ ನೋಡಿದ್ದೆ. ಆ ಯಂತ್ರಗಳು ಯಾರೂ ಇನ್ನೂ ಬಳಸದ ಹೊಸ ಯಂತ್ರಗಳು. ಮುಂದಿನ ಯಾವುದೋ ಕೆಲಸಕ್ಕೆ ಇರಲಿ ಎಂದು ಮುಂಬೈಯವರು ಒಂದು ಹಳೆಯ ಅಚ್ಚಿನಿಂದ ನಕಲು ಮಾಡಿ ಸಾಲಾಗಿ ನಿಲ್ಲಿಸಿದ್ದರು. ಅವು ಕೆಲಸವಿಲ್ಲದೆ ಮಲಗಿರಬೇಕಿತ್ತು. ಮಲಗಿದ್ದರೆ ಅಂಕಿ ಸೊನ್ನೆ ಇರುತ್ತಿತ್ತು. ಮುಂಬೈಯವರು ಆ ಅಚ್ಚಿನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿರಲಿಲ್ಲ. ನಮ್ಮವರು ತಮ್ಮ ಕೈಯಾರೆ ಮಾಡಿದ ಹಳೆಯ ಯಂತ್ರಗಳಿಗೆಲ್ಲ ಅದನ್ನು ಮಾಡಿದ್ದರು.

ನನಗೆ ಅರ್ಥವಾಗುವ ಹಾಗೆ ಅವರು ಹೇಳಿದರು. ಲಿನಕ್ಸಿಗೆ ಒಂದು ಚಟವಿದೆ. ಕೆಲಸವಿಲ್ಲದಿದ್ದರೂ ಸೆಕೆಂಡಿಗೆ ನೂರು ಸಲ ಎದ್ದು ಗಡಿಯಾರ ನೋಡುತ್ತದೆ, ನನಗೇನಾದರೂ ಕೆಲಸ ಇದೆಯೇ ಎಂದು ಕೇಳುತ್ತದೆ. ಇಲ್ಲ ಎಂದರೆ ಮಲಗುತ್ತದೆ, ಕಣ್ಣು ಮುಚ್ಚುವುದರೊಳಗೆ ಮತ್ತೆ ಏಳುತ್ತದೆ. ಒಂದು ಪೆಟ್ಟಿಗೆಯಲ್ಲಿ ಒಬ್ಬನೇ ಇದ್ದರೆ ಈ ಚಟದಿಂದ ಯಾರಿಗೂ ತೊಂದರೆಯಿಲ್ಲ. ಮೇನ್‌ಫ್ರೇಮಿನಲ್ಲಿ ಹಾಗಲ್ಲ. ಮೆಮೊರಿ ಸಾಲದಾದಾಗ ದೊಡ್ಡ ಯಂತ್ರ ಯಾರು ಸುಮ್ಮನಿದ್ದಾರೆಂದು ನೋಡಿ, ಅವರ ಸಾಮಾನನ್ನು ತೆಗೆದು ಡಿಸ್ಕಿನಲ್ಲಿಟ್ಟು, ಜಾಗವನ್ನು ಕೆಲಸ ಮಾಡುವವರಿಗೆ ಕೊಡುತ್ತದೆ. ಈ ಹೊಸಬರು ಎಂದೂ ಸುಮ್ಮನಿದ್ದ ಹಾಗೆ ಕಾಣುವುದೇ ಇಲ್ಲ. ಯಾವಾಗ ನೋಡಿದರೂ ಎದ್ದು ನಿಂತಿರುತ್ತಾರೆ. ಹಾಗಾಗಿ ಅವರ ಸಾಮಾನು ಹಾಗೇ ಉಳಿದು, ಪಾಪ, ನಿಜವಾಗಿ ದುಡಿಯುವ ಆರ್ಡರಿನ ಯಂತ್ರದ ಸಾಮಾನು ಡಿಸ್ಕಿಗೆ ಹೋಗಿತ್ತು. ಅದು ಪ್ರತಿ ಆರ್ಡರಿಗೂ ತನ್ನ ಸಾಮಾನು ಬರಲೆಂದು ಕಾಯುತ್ತಾ ನಿಲ್ಲುತ್ತಿತ್ತು.

ಇದು ನನಗೆ ಪಟ್ಟನೆ ಅರ್ಥವಾಯಿತು. ಬಳಸದ ನೀರು ತುಂಬಿಕೊಂಡ ಪಾತ್ರೆಗಳು ಸಾಲಾಗಿ ಕೂತಿವೆ, ಚಹಾಕ್ಕೆ ಪಾತ್ರೆ ಇಲ್ಲ. ಆದರೆ ಈ ಹೋಲಿಕೆಯನ್ನು ಬಾಯಿಬಿಟ್ಟು ಹೇಳಲಿಲ್ಲ, ಅಡುಗೆಮನೆಯನ್ನು ಅವರು ಇನ್ನೂ ಸರಿಯಾಗಿ ನೋಡಿರಲಿಲ್ಲ. ಬದಲಿಗೆ ನಾನು ಆ ಯಂತ್ರಗಳನ್ನು ನೆನೆದು ಚೆನ್ನಾಗಿ ನಕ್ಕೆ. "ಎಂಥಾ ದಡ್ಡ ಯಂತ್ರಾರಿ ಇವು. ಕೆಲಸಾ ಇದ್ರ ಕರೀತಾರ ಅನ್ನೂದು ತಿಳಿಯಂಗಿಲ್ಲೇನು?" ಎಂದೆ. ಅವರು ಏನೋ ಹೇಳಲು ಬಾಯಿ ತೆರೆದವರು ಕನ್ನಡಕ ಸರಿಮಾಡಿಕೊಂಡರು.

ಮದ್ದು ಒಂದೇ ಸಾಲಿನದು. ಒಂದೊಂದೇ ಯಂತ್ರದ ಒಳಗೆ ಹೋಗಿ, ಆ ಗಡಿಯಾರ ನೋಡುವ ಚಟದ ಮುಂದೆ ಸೊನ್ನೆ ಬರೆಯುವುದು. ಅರ್ಧ ಮುಂಬೈಯವರು ಬರೆದರು, ಅರ್ಧ ನಾನು ಬರೆದೆ. ಅವರು ಹೇಳುತ್ತಿದ್ದ ಒಂದೊಂದು ಅಕ್ಷರವನ್ನೂ ನಾನು ತಿರುಗಿ ಹೇಳಿ, ಅವರು ಹೂಂ ಎಂದ ಮೇಲೆ ಒತ್ತಿದೆ. ಸಾರಾಂಶ ಮಾಡುವ ಆಸೆ ಒಮ್ಮೆಯೂ ಬರಲಿಲ್ಲ. ಆಮೇಲೆ ಪಟ್ಟಿ ನೋಡುತ್ತಾ ಕೂತೆವು. ಮೊದಲು ಏನೂ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಕೆಳಗಿನ ಹೆಸರುಗಳ ಮುಂದಿನ ಚೂರು ಅಂಕಿಗಳು ಒಂದೊಂದಾಗಿ ಸೊನ್ನೆಯಾಗತೊಡಗಿದವು. ಮನೆ ತುಂಬ ಮಕ್ಕಳಿದ್ದಾಗ ಕೊನೆಗೆ ಒಂದೊಂದಾಗಿ ನಿದ್ದೆ ಹೋಗುತ್ತವಲ್ಲ, ಹಾಗೆ. ನಾನು ಪ್ರತಿ ಸೊನ್ನೆಯನ್ನೂ ಹೆಸರು ಹಿಡಿದು ಓದಿದೆ. ಆಮೇಲೆ ಅವುಗಳ ಮೆಮೊರಿ ಇಳಿಯಿತು, ಆರ್ಡರಿನ ಯಂತ್ರದ್ದು ಏರಿತು. ಮುಂಬೈಯವರು ಒಂದು ಆರ್ಡರು ಹಾಕಿ ನೋಡಿ, ಬಂತು ಎಂದರು. ಇನ್ನೊಂದು ಹಾಕಿದರು, ಬಂತು ಎನ್ನುವ ಮೊದಲೇ ಬಂದಿತ್ತು.

ಆರು ಗಂಟೆಯ ಮೀಟಿಂಗಿನ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಚುರುಮುರಿ ಸುಸಲಾಕ್ಕೆ ಒಗ್ಗರಣೆ ಹಾಕುತ್ತಿದ್ದೆ. ಹೋಗಬಾರದೆಂದು ಗಟ್ಟಿಯಾಗಿ ಅಂದುಕೊಂಡಿದ್ದೆ. ಹೋದೆ. ಬಾಗಿಲಲ್ಲಿ ನಿಂತು ಮುಖ ನೋಡಿದೆ, ಕಪ್ಪು ಕನ್ನಡಕದಿಂದ ಏನೂ ತಿಳಿಯಲಿಲ್ಲ. ವಾಪಸು ಬಂದೆ. ಚುರುಮುರಿ ಮೆತ್ತಗಾಗುತ್ತವೆಂದು ನೆಪ ಮಾಡಿಕೊಂಡು ಮತ್ತೆ ಹೋದೆ. ಈ ಸಲ ಅವರು ಫೋನು ಇಟ್ಟಿದ್ದರು.

"ಎಲ್ಲಾ ಇದ್ದಲ್ಲೇ ಇರ್ತಾವ," ಎಂದರು. "ನಾನೂ."

ನಾನು ಸುಸಲಾದ ತಾಟನ್ನು ಅವರ ಕೈಗೆ ಸಿಗುವ ಹಾಗೆ ಇಟ್ಟು, ಕೈಯನ್ನು ಹಿಡಿದು ತಾಟಿನ ಅಂಚಿಗೆ ಮುಟ್ಟಿಸಿದೆ. ಸಾಹೇಬರು ಏನಂದರು, ಹೇಗಂದರು ಎಂದು ಎರಡು ಸಲ ಕೇಳಿ ತಿಳಿದುಕೊಂಡೆ. ಯಾರು ಹುಡುಕಿದರು ಎಂದು ಸಾಹೇಬರು ಕೇಳಿದಾಗ, ಓದಿದವರು ಹುಡುಕಿದರು ಎಂದು ಮುಂಬೈಯವರು ಹೇಳಿದರಂತೆ. ನನಗೆ ಎರಡನೆಯ ಬಹುಮಾನ ಬಂದಷ್ಟು ಆಯಿತು. ಮುಕ್ಕಾಲು ಪಾಲು ಹೊತ್ತು ಕೆಡಿಸಿದವಳೂ ನಾನೇ ಎಂಬುದು ಅವರ ಸಾರಾಂಶದಲ್ಲಿ ಬಿಟ್ಟುಹೋಗಿತ್ತು.

ದೀಪ ಹಚ್ಚುವ ಹೊತ್ತಿಗೆ, ಸಂತೋಷ ತಡೆಯಲಾರದೆ, ಯಾರಿಗಾದರೂ ಹೇಳಲೇಬೇಕೆಂದು ಕಟ್ಟೆಗೆ ಬಂದೆ. ಕಾಂಪೌಂಡಿನ ಆಚೆ ಇಳಕಲ್ಲಿನ ಅಕ್ಕ ಒಣಗಿದ ಸೀರೆ ಮಡಚುತ್ತಿದ್ದರು. ನಮ್ಮವರು ಎಲ್ಲೂ ಹೋಗುವುದಿಲ್ಲ, ಇಲ್ಲೇ ಇರುತ್ತಾರೆ ಎಂದೆ. ಚಲೋ ಆತು ಬಿಡ್ರಿ ಎಂದರು. ನಾನು ಆ ದಡ್ಡ ಯಂತ್ರಗಳ ಕಥೆಯನ್ನು ಕೈ ಮಾಡಿ ವಿವರಿಸಿದೆ: ಕೆಲಸವಿಲ್ಲದಿದ್ದರೂ ನೂರು ಸಲ ಎದ್ದೆದ್ದು ಕೇಳುವವು, ತಾವೂ ಸುಮ್ಮನಿರದವು, ದುಡಿಯುವವರನ್ನೂ ದುಡಿಯಗೊಡದವು. ಅಕ್ಕ ಸೀರೆಯ ಅಂಚಿಗೆ ಅಂಚು ಕೂಡಿಸುತ್ತಾ ಎಲ್ಲ ಕೇಳಿದರು. ಕಂಪ್ಯೂಟರಿನ ಮಾತು ತಮಗೆ ತಿಳಿಯುವುದಿಲ್ಲ ಎಂದರು. ಮಡಚಿದ ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಒಳಗೆ ಹೊರಟವರು, ಏನೋ ನೆನಪಾದ ಹಾಗೆ ತಿರುಗಿ ನಿಂತರು.

"ಅಲ್ರಿ ಅಕ್ಕಾರ, ಆ ಹೊರಗಿನ ಖೋಲಿ ಬಾಗಲಕ್ಕ ಒಂದೀಟು ಎಣ್ಣಿ ಬಿಡ್ರಿ. ಮುಂಜಾನಿಂದ ನೂರು ಸಲಾ ಕಿರ್ರ್ ಅಂದೈತಿ. ಒಳಗ ಕುಂತವ್ರು ಕೆಲಸಾ ಹೆಂಗ ಮಾಡ್ತಾರೋ ಏನೋ."